ಯೀಸ್ಟ್ ತನ್ನ ಪಾಲಿಅಮೀನ್ ಲೆಕ್ಕ ಇಡುವುದು ಹೇಗೆ? ಕಾಲೇಜು ಲ್ಯಾಬ್‌ನಲ್ಲೇ ಮಾಡಿ ನೋಡಲು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ಜುಲೈ ಅಂದರೆ ಹೊರಗೆ ಮಳೆ, ಒಳಗೆ ಎಂಎಸ್ಸಿ ಮಕ್ಕಳ ಪ್ರಾಜೆಕ್ಟ್. ಕಳೆದ ಬಾರಿ ಡಾರ್ಕ್ ರೂಮಿನಲ್ಲಿ ಯುವಿ ದೀಪದ ಕೆಳಗೆ ಟಿಎಲ್‌ಸಿ ಪ್ಲೇಟ್ (ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಪಟ್ಟಿಗಳಾಗಿ ಬಿಡಿಸುವ ಸಿಲಿಕಾ ಪ್ಲೇಟ್) ಇಟ್ಟಾಗ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಕೇಳಿದಳು: "ಸರ್, ಈ ಯೀಸ್ಟ್‌ನಲ್ಲಿ ಜೀನ್ ತೆಗೆದಿದ್ದೀವಿ ಅಲ್ವಾ? ಹಾಗಿದ್ರೆ ಪಟ್ಟಿ ಕಮ್ಮಿ ಆಗಬೇಕಿತ್ತು. ಇದೇನು ಇಷ್ಟು ದಪ್ಪ ಬಂದಿದೆ?"

ಆ ದಪ್ಪ ಪಟ್ಟಿಯಲ್ಲೇ ಎಲ್ಲ ಉತ್ತರ ಇದೆ. ಯೀಸ್ಟ್ ತನ್ನ ಪಾಲಿಅಮೀನ್ (ಒಂದಕ್ಕಿಂತ ಹೆಚ್ಚು ಅಮೀನ್ ಗುಂಪು ಇರುವ ಸಣ್ಣ ಅಣು) ತಯಾರಿಕೆಗೆ ಹೇಗೆ ಕಡಿವಾಣ ಹಾಕುತ್ತದೆ ಎಂಬುದನ್ನು ಕಣ್ಣಾರೆ ನೋಡಲು ದುಬಾರಿ ಯಂತ್ರ ಬೇಕಾಗಿಲ್ಲ. ಒಂದು ಶೇಕರ್, ಒಂದು ಸೆಂಟ್ರಿಫ್ಯೂಜ್, ಕೆಲವು ಸಿಲಿಕಾ ಪ್ಲೇಟ್ ಮತ್ತು ತುಂಬಾ ತಾಳ್ಮೆ ಸಾಕು. ಆ ಪಟ್ಟಿಯವರೆಗೆ ಹೋಗುವ ದಾರಿಯನ್ನು ಇಲ್ಲಿ ಒಂದೊಂದೇ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ನಕ್ಷೆ ಬರೆದುಕೊಳ್ಳಿ

ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ಮುಂದೆ ಪ್ರತಿ ಹಂತದಲ್ಲೂ ಇದಕ್ಕೇ ವಾಪಸ್ ಬರುತ್ತೀರಿ.

ಯೀಸ್ಟ್‌ನಲ್ಲಿ ಮೂರು ಮುಖ್ಯ ಪಾಲಿಅಮೀನ್‌ಗಳಿವೆ: ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್. ಪುಟ್ರೆಸಿನ್‌ನಲ್ಲಿ ಎರಡು ಅಮೀನ್, ಸ್ಪರ್ಮಿಡಿನ್‌ನಲ್ಲಿ ಮೂರು, ಸ್ಪರ್ಮಿನ್‌ನಲ್ಲಿ ನಾಲ್ಕು. ಜೀವಕೋಶದೊಳಗೆ ಇವುಗಳಿಗೆ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಋಣ ವಿದ್ಯುದಂಶದ ಡಿಎನ್‌ಎ, ಆರ್‌ಎನ್‌ಎಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತವೆ.

ದಾರಿ ಶುರುವಾಗುವುದು ಆರ್ನಿಥಿನ್ ಎಂಬ ಅಮೈನೋ ಆಮ್ಲದಿಂದ. ಸ್ಪೀ1 ಜೀನ್‌ನಿಂದ ಬರುವ ಆರ್ನಿಥಿನ್ ಡೀಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಅದರಿಂದ ಇಂಗಾಲದ ಡೈಆಕ್ಸೈಡ್ ಬಿಡಿಸಿ ಪುಟ್ರೆಸಿನ್ ಮಾಡುತ್ತದೆ. ಈ ಕಿಣ್ವವನ್ನು ಮುಂದೆ ಸುಮ್ನೆ ಓಡಿಸಿ (ODC) ಅನ್ನುತ್ತೇನೆ. ಇನ್ನೊಂದು ಕಡೆ ಸ್ಪೀ2 ಜೀನ್‌ನ ಕಿಣ್ವ ಎಸ್-ಅಡಿನೊಸಿಲ್ ಮೆಥಿಯೊನಿನ್ ಅನ್ನು ಡೀಕಾರ್ಬಾಕ್ಸಿಲೇಟ್ ಮಾಡಿ, ಜೋಡಿಸಬೇಕಾದ ತುಂಡನ್ನು ತಯಾರು ಮಾಡಿ ಇಡುತ್ತದೆ. ಸ್ಪೀ3 ಆ ತುಂಡನ್ನು ಪುಟ್ರೆಸಿನ್‌ಗೆ ಸೇರಿಸಿದರೆ ಸ್ಪರ್ಮಿಡಿನ್. ಸ್ಪೀ4 ಇನ್ನೊಂದು ತುಂಡು ಸೇರಿಸಿದರೆ ಸ್ಪರ್ಮಿನ್.

ಗಿಡಗಳಿಗೆ, ಕೆಲವು ಬ್ಯಾಕ್ಟೀರಿಯಾಗಳಿಗೆ ಅರ್ಜಿನಿನ್‌ನಿಂದ ನೇರವಾಗಿ ಹೋಗುವ ಒಳದಾರಿ ಇದೆ. ಯೀಸ್ಟ್‌ಗೆ ಅದಿಲ್ಲ. ಸ್ಪೀ1 ತೆಗೆದರೆ ಪುಟ್ರೆಸಿನ್ ಬಾಗಿಲು ಪೂರ್ತಿ ಮುಚ್ಚಿತು. ಇಷ್ಟು ಚೊಕ್ಕ ಉತ್ತರ ಸಿಗುತ್ತದೆ ಎಂಬ ಕಾರಣಕ್ಕೇ ನನಗೆ ಈ ಪ್ರಯೋಗ ಯೀಸ್ಟ್‌ನಲ್ಲೇ ಇಷ್ಟ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ಹರ್ಬರ್ಟ್ ಟೇಬರ್ ಮತ್ತು ಸೀಲಿಯಾ ವೈಟ್ ಟೇಬರ್ ದಂಪತಿ ದಶಕಗಳ ಕಾಲ ಇದೇ ವಿಷಯದ ಹಿಂದೆ ಬಿದ್ದರು. ಇಂದು ನಾವು ಬಳಸುವ ಮ್ಯುಟೆಂಟ್ (ಜೀನ್ ಬದಲಾದ ತಳಿ) ತಿಳಿವಳಿಕೆಯ ದೊಡ್ಡ ಪಾಲು ಅವರ ಲ್ಯಾಬ್‌ನಿಂದ ಬಂದದ್ದು.

ನಕ್ಷೆಯ ಅಂಚಿನಲ್ಲಿ ಇನ್ನೂ ಎರಡು ಹೆಸರು ಬರೆಯಿರಿ. ಎಫ್‌ಎಂಎಸ್1: ಇದು ಸ್ಪರ್ಮಿನ್ ಅನ್ನು ಒಡೆದು ವಾಪಸ್ ಸ್ಪರ್ಮಿಡಿನ್ ಮಾಡುತ್ತದೆ. ಓಎಜೆಡ್1: ಇದು ಆಂಟಿಜೈಮ್‌ನ ಜೀನ್. ಕಥೆಯ ನಿಜವಾದ ಕಾವಲುಗಾರ ಇದೇ.

ಕಾವಲುಗಾರ ಕೆಲಸ ಮಾಡುವ ರೀತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜೀನ್ ನಿಯಂತ್ರಣ ಅಂದ ಕೂಡಲೇ ನಮ್ಮ ಮಕ್ಕಳು ಸ್ವಿಚ್ಚು ಅಂದುಕೊಳ್ಳುತ್ತಾರೆ. ಬೇಕಾದಾಗ ಜೀನ್ ಆನ್, ಬೇಡವಾದಾಗ ಆಫ್. ಓಡಿಸಿ ವಿಷಯದಲ್ಲಿ ಮುಖ್ಯ ಹಿಡಿತ ಇರುವುದು ಅಲ್ಲಲ್ಲ. ಯೀಸ್ಟ್ ಕಿಣ್ವವನ್ನು ಮಾಡುತ್ತಲೇ ಇರುತ್ತದೆ. ಪಾಲಿಅಮೀನ್ ಜಾಸ್ತಿ ಆದರೆ, ಮಾಡಿದ ಕಿಣ್ವವನ್ನು ಹಿಡಿದು ನಾಶ ಮಾಡುತ್ತದೆ.

ಹಿಡಿಯುವುದು ಆಂಟಿಜೈಮ್. ಓಡಿಸಿ ಕೆಲಸ ಮಾಡಬೇಕಾದರೆ ಎರಡು ಪ್ರತಿಗಳು ಜೋಡಿಯಾಗಿರಬೇಕು. ಆಂಟಿಜೈಮ್ ಜೋಡಿಯಾಗದ ಒಂಟಿ ಪ್ರತಿಗೆ ಅಂಟಿಕೊಳ್ಳುತ್ತದೆ ಮತ್ತು ಪ್ರೋಟಿಯಾಸೋಮ್ ಎಂಬ ಅರೆಯುವ ಯಂತ್ರಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಆ ಯಂತ್ರಕ್ಕೆ ಹೋಗುವ ಪ್ರೊಟೀನ್‌ಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸಬೇಕು. ಓಡಿಸಿಗೆ ಆ ಚೀಟಿಯೂ ಬೇಡ.

ಹಾಗಾದರೆ ಪಾಲಿಅಮೀನ್ ಜಾಸ್ತಿ ಆಗಿದೆ ಎಂದು ಆಂಟಿಜೈಮ್‌ಗೆ ಹೇಳುವವರು ಯಾರು? ಪಾಲಿಅಮೀನ್‌ಗಳೇ. ಅದೂ ರೈಬೋಸೋಮ್ ಓದುವ ಜಾಗದಲ್ಲೇ.

ಪ್ರೊಟೀನ್ ತಯಾರಿಸುವ ರೈಬೋಸೋಮ್, ಜೀನ್‌ನ ನಕಲಾದ ಎಂಆರ್‌ಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಕನ್ನಡದಲ್ಲಿ "ಮರದ ತುದಿಯ ಎಲೆಯ" ಎಂದು ಮೂರು ಮೂರು ಅಕ್ಷರದ ಪದಗಳನ್ನು ಬಿಡುವಿಲ್ಲದೆ ಬರೆಯಿರಿ. ಮೊದಲಿನಿಂದ ಓದಿದರೆ ಅರ್ಥ ಇದೆ. ಒಂದು ಅಕ್ಷರ ಜಾರಿ ಓದಿದರೆ "ರದತು ದಿಯಎ" ಆಗುತ್ತದೆ. ಸಾಮಾನ್ಯವಾಗಿ ಜೀನ್‌ಗಳಲ್ಲಿ ಹೀಗೆ ಜಾರಿದರೆ ಪ್ರೊಟೀನ್ ಹಾಳು. ಓಎಜೆಡ್1ರಲ್ಲಿ ಉಲ್ಟಾ. ಸರಿಯಾಗಿ ಓದುತ್ತಾ ಹೋದರೆ ಮಧ್ಯದಲ್ಲೇ "ನಿಲ್ಲು" ಎಂಬ ಕೋಡಾನ್ ಬರುತ್ತದೆ, ಅರ್ಧ ಪ್ರೊಟೀನ್‌ಗೇ ಕೆಲಸ ಮುಗಿಯುತ್ತದೆ. ಸರಿಯಾಗಿ ಅಲ್ಲೇ ಒಂದು ಅಕ್ಷರ ಮುಂದಕ್ಕೆ ಜಾರಿದರೆ ಮಾತ್ರ ಪೂರ್ತಿ ಆಂಟಿಜೈಮ್ ಸಿಗುತ್ತದೆ. ಪಾಲಿಅಮೀನ್ ಹೆಚ್ಚಿದಷ್ಟೂ ಈ ಜಾರುವಿಕೆ ಹೆಚ್ಚು. ಪ್ರಾಣಿಗಳಲ್ಲಿ ಈ ವ್ಯವಸ್ಥೆ ಮೊದಲೇ ಗೊತ್ತಿತ್ತು. ಈ ಬ್ರೆಡ್ ಯೀಸ್ಟ್ ಜಾತಿಯ ಆಂಟಿಜೈಮ್ ಜೀನ್ ಪ್ರಕಟವಾದದ್ದು 2004ರಲ್ಲಿ. ಆಂಟಿಜೈಮ್ ಕೂಡ ಬೇಗ ನಾಶವಾಗುವ ಪ್ರೊಟೀನ್. ಆದರೆ ಪಾಲಿಅಮೀನ್ ಇದ್ದಾಗ ಆ ನಾಶವೂ ನಿಧಾನವಾಗುತ್ತದೆ. ಅಂದರೆ ಒಂದೇ ಸಂಕೇತ ಎರಡು ಕಡೆಯಿಂದ ಕೆಲಸ ಮಾಡುತ್ತದೆ.

ಈಗ ಊಹಿಸಿ: ಸ್ಪರ್ಮಿಡಿನ್ ಇಲ್ಲದೇ ಹೋದರೆ? ಜಾರುವಿಕೆ ಕಮ್ಮಿ, ಆಂಟಿಜೈಮ್ ಕಮ್ಮಿ, ಓಡಿಸಿ ಹಿಡಿಯುವವರಿಲ್ಲ. ಈ ಸಾಲನ್ನು ರೆಕಾರ್ಡ್‌ನಲ್ಲಿ ಬರೆದು ಅಡಿಗೆರೆ ಹಾಕಿ ಇಡಿ.

ಹಂತ 1: ತಳಿಗಳನ್ನು ತರಿಸುವುದು

ಅಂಗಡಿಯ ಬ್ರೆಡ್ ಯೀಸ್ಟ್ ಇದಕ್ಕೆ ಆಗುವುದಿಲ್ಲ. ಜಾತಿ ಒಂದೇ, ಆದರೆ ಒಂದೊಂದೇ ಜೀನ್ ಅಳಿಸಿದ ತಳಿ ಬೇಕು. ಬಿವೈ4741 ಎಂಬ ಲ್ಯಾಬ್ ತಳಿಯಲ್ಲಿ ಅಂಥ ಸಂಗ್ರಹವೇ ಇದೆ. ಜರ್ಮನಿಯ ಯೂರೋಸ್ಕಾರ್ಫ್ ಸಂಗ್ರಹದಿಂದ ತರಿಸಬಹುದು, ಇಲ್ಲವೇ ಬೆಂಗಳೂರು, ಹೈದರಾಬಾದ್ ಕಡೆ ಯೀಸ್ಟ್ ಮೇಲೆ ಕೆಲಸ ಮಾಡುವ ಲ್ಯಾಬ್‌ಗಳನ್ನು ಕೇಳಬಹುದು. ಎರಡನೆಯದೇ ಬೇಗ ಆಗುತ್ತದೆ. ಇವು ಜೀನ್ ಮಾರ್ಪಾಡು ಮಾಡಿದ ತಳಿಗಳು, ಹಾಗಾಗಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ.

ಕನಿಷ್ಠ ಐದು ಬೇಕು: ಮೂಲ ತಳಿ, ಸ್ಪೀ1 ಇಲ್ಲದ್ದು, ಸ್ಪೀ2 ಇಲ್ಲದ್ದು, ಸ್ಪೀ4 ಇಲ್ಲದ್ದು, ಓಎಜೆಡ್1 ಇಲ್ಲದ್ದು. ಅಳಿಸಿದ ಜಾಗದಲ್ಲಿ ಜಿ418 ಔಷಧ ತಡೆಯುವ ಜೀನ್ ಕೂರಿಸಿರುತ್ತಾರೆ. ಬಂದ ಕೂಡಲೇ ವೈಪಿಡಿ (ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್, ಗ್ಲೂಕೋಸ್ ಇರುವ ಮಾಮೂಲಿ ಮೀಡಿಯಂ) ಪ್ಲೇಟ್‌ನಲ್ಲಿ ಪ್ರತಿ ಮಿಲಿಲೀಟರ್‌ಗೆ 200 ಮೈಕ್ರೋಗ್ರಾಂ ಜಿ418 ಹಾಕಿ ಬೆಳೆಸಿ ನೋಡಿ. ಮೂಲ ತಳಿ ಬೆಳೆಯಬಾರದು, ಉಳಿದವು ಬೆಳೆಯಬೇಕು. ಯಾವ ಜೀನ್ ಹೋಗಿದೆ ಎಂದು ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ನಕಲು ಮಾಡಿ ನೋಡುವ ಪರೀಕ್ಷೆ) ಮಾಡಿ ಖಚಿತ ಮಾಡಿಕೊಳ್ಳಿ. ಆಮೇಲೆ ಗ್ಲಿಸರಾಲ್ ಸ್ಟಾಕ್ ಮಾಡಿ ಮೈನಸ್ 80ಕ್ಕೆ ಹಾಕಿ.

ಹಂತ 2: ಪಾಲಿಅಮೀನ್ ಇಲ್ಲದ ಮೀಡಿಯಂ

ಅರ್ಧ ಪ್ರಯೋಗ ಕೆಡುವುದು ಇಲ್ಲಿ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಅಂದರೆ ಯೀಸ್ಟ್‌ನ ಸಾರವೇ, ಅದರ ತುಂಬ ಪಾಲಿಅಮೀನ್ ಇರುತ್ತದೆ. ಆದ್ದರಿಂದ ವೈಪಿಡಿ ಸ್ಟಾಕ್ ಬೆಳೆಸಲು ಮಾತ್ರ. ಪ್ರಯೋಗಕ್ಕೆ ಎಲ್ಲವೂ ಲೆಕ್ಕ ಸಿಗುವ ಎಸ್‌ಡಿ ಮೀಡಿಯಂ ಬೇಕು.

ಒಂದು ಲೀಟರ್‌ಗೆ: ಅಮೈನೋ ಆಮ್ಲ ಇಲ್ಲದ, ಅಮೋನಿಯಂ ಸಲ್ಫೇಟ್ ಇರುವ ಯೀಸ್ಟ್ ನೈಟ್ರೋಜನ್ ಬೇಸ್ 6.7 ಗ್ರಾಂ, ಗ್ಲೂಕೋಸ್ 20 ಗ್ರಾಂ. ಬಿವೈ4741ಕ್ಕೆ ತಾನೇ ಮಾಡಿಕೊಳ್ಳಲಾಗದ ನಾಲ್ಕು ವಸ್ತು ಸೇರಿಸಬೇಕು: ಹಿಸ್ಟಿಡಿನ್, ಮೆಥಿಯೊನಿನ್, ಯುರಾಸಿಲ್ ತಲಾ 20 ಮಿಲಿಗ್ರಾಂ, ಲ್ಯೂಸಿನ್ 100 ಮಿಲಿಗ್ರಾಂ. ಗ್ಲೂಕೋಸ್ ಬೇರೆಯಾಗಿ ಆಟೋಕ್ಲೇವ್ ಮಾಡಿ. ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ.

ಪ್ಲೇಟ್‌ಗೆ ಮಾಮೂಲಿ ಅಗಾರ್ ಬಳಸುವುದಾದರೆ ಪುಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ನಾಲ್ಕೈದು ಸಲ ತೊಳೆಯಿರಿ. ಅಕ್ಕಿ ತೊಳೆದ ಹಾಗೆ: ನೀರು ಹಾಕಿ, ಕದಡಿ, ತಳಕ್ಕೆ ಕೂತ ಮೇಲೆ ಬಸಿಯಿರಿ. ಅಗಾರ್ ಸಮುದ್ರ ಪಾಚಿಯಿಂದ ಬರುವುದು, ಅದರಲ್ಲೂ ಅಮೀನ್ ಸ್ವಲ್ಪ ಉಳಿದಿರಬಹುದು. ದುಡ್ಡಿದ್ದರೆ ಅಗರೋಸ್ ಒಳ್ಳೆಯದು.

ಪಾಲಿಅಮೀನ್ ಸ್ಟಾಕ್‌ಗಳನ್ನು 10 ಮಿಲಿಮೋಲಾರ್ ಮಾಡಿ ಇಡಿ. 10 ಮಿಲಿಲೀಟರ್ ನೀರಿಗೆ ಪುಟ್ರೆಸಿನ್ ಡೈಹೈಡ್ರೋಕ್ಲೋರೈಡ್ 16.1 ಮಿಲಿಗ್ರಾಂ, ಸ್ಪರ್ಮಿಡಿನ್ ಟ್ರೈಹೈಡ್ರೋಕ್ಲೋರೈಡ್ 25.5 ಮಿಲಿಗ್ರಾಂ, ಸ್ಪರ್ಮಿನ್ ಟೆಟ್ರಾಹೈಡ್ರೋಕ್ಲೋರೈಡ್ 34.8 ಮಿಲಿಗ್ರಾಂ. ಹೈಡ್ರೋಕ್ಲೋರೈಡ್ ಲವಣವನ್ನೇ ತರಿಸಿ. ಬರೀ ಸ್ಪರ್ಮಿಡಿನ್ ಗಾಳಿಗೆ ಕೆಡುತ್ತದೆ, ಮೀಡಿಯಂನ ಪಿಎಚ್ ಕೂಡ ಏರಿಸುತ್ತದೆ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸಣ್ಣ ಟ್ಯೂಬ್‌ಗಳಿಗೆ ಹಂಚಿ ಫ್ರೀಜರ್‌ಗೆ ಹಾಕಿ. ಬಳಸುವಾಗ ಸ್ಪರ್ಮಿಡಿನ್, ಸ್ಪರ್ಮಿನ್ 10 ಮೈಕ್ರೋಮೋಲಾರ್, ಪುಟ್ರೆಸಿನ್ 100 ಮೈಕ್ರೋಮೋಲಾರ್.

ಹಂತ 3: ಹಳೇ ದಾಸ್ತಾನು ಖಾಲಿ ಮಾಡಿಸುವುದು

ನಾನು ಮೊದಲ ಸಲ ಇದನ್ನು ಮಾಡಿಸಿದಾಗ ಸ್ಪೀ2 ಇಲ್ಲದ ತಳಿ ಮೂಲ ತಳಿಯಷ್ಟೇ ಚೆನ್ನಾಗಿ ಬೆಳೆಯಿತು. ತಪ್ಪು ತಳಿ ಕಳಿಸಿದ್ದಾರೆ ಅಂದುಕೊಂಡೆ. ಪಿಸಿಆರ್ ಮಾಡಿದರೆ ತಳಿ ಸರಿಯೇ ಇತ್ತು. ಎರಡನೇ ಸಲವೂ ಹಾಗೇ ಆಯಿತು. ಮೂರು ವಾರ ಹೋಯಿತು. ತಪ್ಪು ನನ್ನದೇ: ವೈಪಿಡಿಯಲ್ಲಿ ರಾತ್ರಿ ಬೆಳೆಸಿದ ಕಲ್ಚರ್ ಅನ್ನು ತೊಳೆಯದೆ ನೇರ ಪ್ಲೇಟ್‌ಗೆ ಹಾಕಿಸಿದ್ದೆ. ಕೋಶಗಳು ಹೊಟ್ಟೆ ತುಂಬ ಪಾಲಿಅಮೀನ್ ಇಟ್ಟುಕೊಂಡೇ ಬಂದಿದ್ದವು.

ಯೀಸ್ಟ್‌ಗೆ ಬದುಕಲು ಬೇಕಾದ ಸ್ಪರ್ಮಿಡಿನ್ ತೀರಾ ಸ್ವಲ್ಪ. ಮಾಮೂಲಿ ಕೋಶದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇರುತ್ತದೆ. ಅದನ್ನು ತೆಗೆಯಲು ದಾರಿ ಒಂದೇ, ಪಾಲಾಗುತ್ತಾ ಹೋಗಲು ಬಿಡುವುದು. ನಮ್ಮ ಕಡೆ ತೋಟ ಹಿಸ್ಸೆ ಆಗುವ ಹಾಗೆ. ಹತ್ತು ಎಕರೆ ಅಡಿಕೆ ತೋಟ, ಪ್ರತಿ ತಲೆಮಾರಿಗೂ ಇಬ್ಬಿಬ್ಬರು ಮಕ್ಕಳು ಅಂದುಕೊಳ್ಳಿ. ಹತ್ತು ತಲೆಮಾರಿಗೆ 1024 ಪಾಲು. ಒಬ್ಬೊಬ್ಬರಿಗೆ ಅರ್ಧ ಗುಂಟೆಯೂ ಬರುವುದಿಲ್ಲ. ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ಪಾಲು ದಾಟುತ್ತದೆ. ಕೋಶ ಎರಡಾಗಿ ಒಡೆದಾಗಲೆಲ್ಲ ಒಳಗಿನ ಸ್ಪರ್ಮಿಡಿನ್ ಹೀಗೆಯೇ ಅರ್ಧ ಆಗುತ್ತದೆ.

ಮಾಡುವ ಕ್ರಮ ಹೀಗೆ. ಕಲ್ಚರ್ ಅನ್ನು ಸೆಂಟ್ರಿಫ್ಯೂಜ್ ಮಾಡಿ, ಸ್ಟೆರೈಲ್ ನೀರಿನಲ್ಲಿ ಮೂರು ಸಲ ತೊಳೆಯಿರಿ. ಸಂಜೆ ಆರಕ್ಕೆ ಎಸ್‌ಡಿ ಮೀಡಿಯಂಗೆ 600 ನ್ಯಾನೋಮೀಟರ್‌ನಲ್ಲಿ ಓಡಿ (OD, ಕೋಶ ಎಷ್ಟಿದೆ ಎಂದು ಬೆಳಕಿನಿಂದ ತಿಳಿಯುವ ಅಳತೆ; ಓಡಿಸಿ ಕಿಣ್ವ ಬೇರೆ) 0.01 ಬರುವಷ್ಟು ಹಾಕಿ, 30 ಡಿಗ್ರಿಯಲ್ಲಿ ಶೇಕರ್‌ಗೆ ಇಡಿ. ಬೆಳಿಗ್ಗೆ ಎಂಟಕ್ಕೆ 0.6ರ ಸುತ್ತಮುತ್ತ ಇರುತ್ತದೆ, ಅಂದರೆ ಸುಮಾರು ಆರು ಸಲ ದ್ವಿಗುಣ. ಮತ್ತೆ ಹೊಸ ಎಸ್‌ಡಿಗೆ 0.05ಕ್ಕೆ ಇಳಿಸಿ. ಸಂಜೆಗೆ ಇನ್ನೊಂದು ನಾಲ್ಕು ಸಲ. ಹೀಗೆ ಎರಡು ದಿನದಲ್ಲಿ ಇಪ್ಪತ್ತು. ಎಂದೂ ಓಡಿ 1 ದಾಟಲು ಬಿಡಬೇಡಿ. ಬೆಳವಣಿಗೆ ನಿಂತ ಕಲ್ಚರ್‌ನಲ್ಲಿ ಪಾಲಾಗುವುದೂ ನಿಲ್ಲುತ್ತದೆ.

ಗಾಳಿ ಚೆನ್ನಾಗಿ ಆಡಬೇಕು. 250 ಮಿಲಿಲೀಟರ್ ಫ್ಲಾಸ್ಕ್‌ಗೆ 50 ಮಿಲಿಲೀಟರ್‌ಗಿಂತ ಜಾಸ್ತಿ ಮೀಡಿಯಂ ಬೇಡ. ಪಾಲಿಅಮೀನ್ ಇಲ್ಲದ ಯೀಸ್ಟ್‌ಗೆ ಆಮ್ಲಜನಕ ಹೆಚ್ಚಿದಷ್ಟೂ ಕಷ್ಟ, ಹಾಗಾಗಿ ವ್ಯತ್ಯಾಸ ಬೇಗ ಕಾಣುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಶೇಕರ್ ನಿಲ್ಲುತ್ತದೆ, ಇನ್‌ಕ್ಯುಬೇಟರ್ 22 ಡಿಗ್ರಿಗೆ ಇಳಿಯುತ್ತದೆ. ಆಗ ಗಂಟೆ ಲೆಕ್ಕ ಮಾಡಬೇಡಿ, ಓಡಿ ನೋಡಿ ದ್ವಿಗುಣದ ಲೆಕ್ಕ ಮಾಡಿ. ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ರೆಕಾರ್ಡ್‌ನಲ್ಲಿ ಬರೆಯಿರಿ.

ಹಂತ 4: ಚುಕ್ಕೆ ಪ್ಲೇಟ್

ಪ್ರತಿ ಕಲ್ಚರ್ ಅನ್ನು ಓಡಿ 0.5ಕ್ಕೆ ತಂದು, ಹತ್ತು ಪಟ್ಟಿನಂತೆ ನಾಲ್ಕು ಸಲ ತೆಳು ಮಾಡಿ. ನಾಲ್ಕು ಬಗೆಯ ಎಸ್‌ಡಿ ಪ್ಲೇಟ್‌ಗಳಲ್ಲಿ 5 ಮೈಕ್ರೋಲೀಟರ್ ಚುಕ್ಕೆ ಇಡಿ: ಏನೂ ಹಾಕದ್ದು, ಪುಟ್ರೆಸಿನ್ ಹಾಕಿದ್ದು, ಸ್ಪರ್ಮಿಡಿನ್ ಹಾಕಿದ್ದು, ಸ್ಪರ್ಮಿನ್ ಹಾಕಿದ್ದು. ಎರಡು ಮೂರು ದಿನ 30 ಡಿಗ್ರಿ. ನಮ್ಮ ಹವೆಯಲ್ಲಿ ಪ್ಲೇಟ್ ಮುಚ್ಚಳದ ಒಳಗೆ ನೀರು ಕೂರುತ್ತದೆ. ಚುಕ್ಕೆ ಪೂರ್ತಿ ಹೀರಿಕೊಂಡ ಮೇಲೆ ಪ್ಲೇಟ್ ಮಗುಚಿ ಇಡಿ. ಇಲ್ಲದಿದ್ದರೆ ಚುಕ್ಕೆಗಳೆಲ್ಲ ಕೂಡಿಕೊಳ್ಳುತ್ತವೆ.

ಪ್ಲೇಟ್ ತೆಗೆಯುವ ಮೊದಲು ನಕ್ಷೆ ನೋಡಿ ಉತ್ತರ ಬರೆಯಿರಿ. ಸ್ಪೀ1 ಇಲ್ಲದ್ದು ಮೂರರಲ್ಲಿ ಯಾವುದು ಕೊಟ್ಟರೂ ಎದ್ದು ನಿಲ್ಲಬೇಕು. ಸ್ಪೀ2 ಇಲ್ಲದ್ದಕ್ಕೆ ಪುಟ್ರೆಸಿನ್ ಕೊಟ್ಟು ಉಪಯೋಗ ಇಲ್ಲ, ಸ್ಪರ್ಮಿಡಿನ್ ಬೇಕು. ಸ್ಪರ್ಮಿನ್ ಕೊಟ್ಟರೂ ಬೆಳೆಯುತ್ತದೆ, ಯಾಕೆಂದರೆ ಎಫ್‌ಎಂಎಸ್1 ಅದನ್ನು ಸ್ಪರ್ಮಿಡಿನ್ ಮಾಡಿಕೊಡುತ್ತದೆ. ಸ್ಪೀ4 ಇಲ್ಲದ್ದು ಎಲ್ಲ ಕಡೆಯೂ ಆರಾಮಾಗಿ ಬೆಳೆಯುತ್ತದೆ. ಅಂದರೆ ಬೆಳವಣಿಗೆಗೆ ಸ್ಪರ್ಮಿನ್ ಅನಿವಾರ್ಯ ಅಲ್ಲ, ಸ್ಪರ್ಮಿಡಿನ್ ಅನಿವಾರ್ಯ.

ಅನಿವಾರ್ಯ ಯಾಕೆ ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ರೈಬೋಸೋಮ್‌ಗೆ ನೆರವಾಗುವ ಇಐಎಫ್5ಎ ಎಂಬ ಪ್ರೊಟೀನ್‌ನ ಒಂದು ಲೈಸಿನ್ ಮೇಲೆ ಸ್ಪರ್ಮಿಡಿನ್‌ನ ತುಂಡೊಂದು ಜೋಡಣೆಯಾಗಿ ಹೈಪ್ಯುಸಿನ್ ಆಗುತ್ತದೆ. ಅದಿಲ್ಲದೆ ಆ ಪ್ರೊಟೀನ್ ಕೆಲಸ ಮಾಡುವುದಿಲ್ಲ, ಸಾಲಾಗಿ ಪ್ರೋಲಿನ್ ಬರುವಂಥ ಕಡೆ ರೈಬೋಸೋಮ್ ಸಿಕ್ಕಿಹಾಕಿಕೊಳ್ಳುತ್ತದೆ. ತೀರಾ ಸ್ವಲ್ಪ ಸ್ಪರ್ಮಿಡಿನ್ ಸಾಕು ಅಂದೆನಲ್ಲ, ಆ ಸ್ವಲ್ಪ ಮುಖ್ಯವಾಗಿ ಹೋಗುವುದು ಇಲ್ಲಿಗೇ.

ಹಂತ 5: ಪಟ್ಟಿ ನೋಡುವುದು

ಇನ್ನು ಅಸಲು ಕೆಲಸ. ದಾಸ್ತಾನು ಇಳಿಸಿದ ಕಲ್ಚರ್‌ಗಳಿಂದ 10 ಓಡಿಯಷ್ಟು ಕೋಶ ತೆಗೆದುಕೊಳ್ಳಿ, ಅಂದರೆ ಓಡಿ 0.5 ಇದ್ದರೆ 20 ಮಿಲಿಲೀಟರ್. ಎಲ್ಲ ತಳಿಗೂ ಇದೇ ಅಳತೆ. ತಣ್ಣನೆ ನೀರಲ್ಲಿ ತೊಳೆದು, 200 ಮೈಕ್ರೋಲೀಟರ್ 10 ಶೇಕಡಾ ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಕದಡಿ, ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಸೆಂಟ್ರಿಫ್ಯೂಜ್ ಮಾಡಿದರೆ ಮೇಲಿನ ತಿಳಿಯಲ್ಲಿ ಪಾಲಿಅಮೀನ್ ಇರುತ್ತದೆ. ಪರ್‌ಕ್ಲೋರಿಕ್ ಆಮ್ಲವನ್ನೂ ಬಳಸುತ್ತಾರೆ. ವಿದ್ಯಾರ್ಥಿಗಳ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ.

ಪಾಲಿಅಮೀನ್‌ಗೆ ಬಣ್ಣ ಇಲ್ಲ. ಡ್ಯಾನ್ಸಿಲ್ ಕ್ಲೋರೈಡ್ ಜೋಡಿಸಿದರೆ ಯುವಿಯಲ್ಲಿ ಹೊಳೆಯುತ್ತದೆ. 200 ಮೈಕ್ರೋಲೀಟರ್ ತಿಳಿಗೆ ಅಷ್ಟೇ ಸ್ಯಾಚುರೇಟೆಡ್ ಸೋಡಿಯಂ ಕಾರ್ಬೊನೇಟ್ ಹಾಕಿ. ನೊರೆ ಉಕ್ಕುತ್ತದೆ, ನಿಧಾನವಾಗಿ ಹಾಕಿ. ಆಮೇಲೆ ಅಸಿಟೋನ್‌ನಲ್ಲಿ ಪ್ರತಿ ಮಿಲಿಲೀಟರ್‌ಗೆ 5 ಮಿಲಿಗ್ರಾಂನಂತೆ ಕರಗಿಸಿದ ಡ್ಯಾನ್ಸಿಲ್ ಕ್ಲೋರೈಡ್ 400 ಮೈಕ್ರೋಲೀಟರ್. ಫಾಯಿಲ್ ಸುತ್ತಿ ಕತ್ತಲಲ್ಲಿ ರಾತ್ರಿ ಇಡಿ. ಮರುದಿನ ಮಿಕ್ಕಿದ ಡ್ಯಾನ್ಸಿಲ್ ಹೀರಿಕೊಳ್ಳಲು ಪ್ರೋಲಿನ್ ದ್ರಾವಣ, ಪ್ರತಿ ಮಿಲಿಲೀಟರ್‌ಗೆ 100 ಮಿಲಿಗ್ರಾಂ ಇರುವುದು, 100 ಮೈಕ್ರೋಲೀಟರ್ ಹಾಕಿ ಅರ್ಧ ಗಂಟೆ ಬಿಡಿ. ನಂತರ 500 ಮೈಕ್ರೋಲೀಟರ್ ಟಾಲ್ಯೂಈನ್ ಹಾಕಿ ಚೆನ್ನಾಗಿ ಕುಲುಕಿ. ಮೇಲೆ ತೇಲುವ ಪದರವೇ ನಮಗೆ ಬೇಕಾದ್ದು. ಇದೆಲ್ಲ ಫ್ಯೂಮ್ ಹುಡ್ ಒಳಗೆ, ಕೈಗವಸು ಹಾಕಿಕೊಂಡು. ಇದೇ ರೀತಿ ಮೂರು ಶುದ್ಧ ಪಾಲಿಅಮೀನ್‌ಗಳನ್ನೂ ಮಾಡಿ ಪಕ್ಕದ ಲೇನ್‌ಗಳಲ್ಲಿ ಇಡಬೇಕು. ಇಲ್ಲದಿದ್ದರೆ ಯಾವ ಪಟ್ಟಿ ಯಾವುದು ಎಂದು ಹೇಳಲು ಬರುವುದಿಲ್ಲ.

ಸಿಲಿಕಾ ಪ್ಲೇಟ್ ಬಗ್ಗೆ ಒಂದು ಮಾತು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪೇ ನೀರೊಡೆಯುತ್ತದೆ, ಸಿಲಿಕಾ ಬಿಡುತ್ತದೆಯೇ? ತೇವ ಕುಡಿದ ಪ್ಲೇಟ್‌ನಲ್ಲಿ ಪಟ್ಟಿಗಳು ಎಲ್ಲೆಲ್ಲೋ ಹೋಗಿ ಹರಡಿಕೊಳ್ಳುತ್ತವೆ. ಬಳಸುವ ಮುಂಚೆ 110 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು, ಡೆಸಿಕೇಟರ್‌ನಲ್ಲಿ ಆರಿಸಿ, ತಡ ಮಾಡದೆ ಸ್ಯಾಂಪಲ್ ಹಾಕಿ. ಪ್ಲೇಟ್ ಓಡಿಸುವ ದ್ರಾವಕ ಸೈಕ್ಲೋಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ 5:4. ದ್ರಾವಕ ಮೇಲಿನ ಗೆರೆ ಮುಟ್ಟಿದಾಗ ತೆಗೆದು ಒಣಗಿಸಿ, ಯುವಿ ಕನ್ನಡಕ ಹಾಕಿ, 365 ನ್ಯಾನೋಮೀಟರ್ ದೀಪದ ಕೆಳಗೆ ಇಡಿ.

ಮೂಲ ತಳಿಯಲ್ಲಿ ಸ್ಪರ್ಮಿಡಿನ್ ಎದ್ದು ಕಾಣುತ್ತದೆ. ಸ್ಪೀ1 ಇಲ್ಲದ ಲೇನ್‌ನಲ್ಲಿ ಮೂರೂ ಪಟ್ಟಿ ಮಾಯ. ಸ್ಪೀ4 ಇಲ್ಲದ್ದರಲ್ಲಿ ಸ್ಪರ್ಮಿನ್ ಮಾತ್ರ ಇಲ್ಲ. ಓಎಜೆಡ್1 ಇಲ್ಲದ್ದರಲ್ಲಿ ಕಾವಲುಗಾರನೇ ಇಲ್ಲ, ಪುಟ್ರೆಸಿನ್ ಮೂಲ ತಳಿಗಿಂತ ಹೆಚ್ಚು.

ಸ್ಪೀ2 ಇಲ್ಲದ ಲೇನ್‌ನಲ್ಲಿ ಸ್ಪರ್ಮಿಡಿನ್, ಸ್ಪರ್ಮಿನ್ ಎರಡೂ ಇಲ್ಲ. ಪುಟ್ರೆಸಿನ್ ಇದ್ದ ಕಡೆ ಹಳದಿ ಹಸಿರಿನ ದಪ್ಪ ಪಟ್ಟಿ, ಇಡೀ ಪ್ಲೇಟ್‌ನಲ್ಲೇ ಎಲ್ಲಕ್ಕಿಂತ ಹೊಳಪು. ಮುಂದಿನ ದಾರಿ ಮುಚ್ಚಿದೆ, ಹಾಗಾಗಿ ಪುಟ್ರೆಸಿನ್ ಸ್ವಲ್ಪ ಕೂಡಿಕೊಳ್ಳುವುದು ಸಹಜ. ಅಷ್ಟೇ ಆಗಿದ್ದರೆ ಇಷ್ಟು ದಪ್ಪ ಬರುತ್ತಿರಲಿಲ್ಲ. ಅಡಿಗೆರೆ ಹಾಕಿದ ಆ ಸಾಲು ಈಗ ತೆಗೆದು ನೋಡಿ: ಸ್ಪರ್ಮಿಡಿನ್ ಇಲ್ಲ, ಆಂಟಿಜೈಮ್ ಕಮ್ಮಿ, ಓಡಿಸಿ ನಾಶ ಆಗುತ್ತಿಲ್ಲ. ತಡೆಯುವವರಿಲ್ಲದ ಕಿಣ್ವ ಆರ್ನಿಥಿನ್ ಸಿಕ್ಕಷ್ಟನ್ನೂ ಪುಟ್ರೆಸಿನ್ ಮಾಡುತ್ತಲೇ ಇದೆ.

ಹಂತ 6: ಇದು ನಿಜವೇ ಎಂದು ಪರೀಕ್ಷಿಸುವುದು

ಆ ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಅದೇ ಕಲ್ಚರ್ ಅನ್ನು ಎರಡು ಭಾಗ ಮಾಡಿ, ಒಂದಕ್ಕೆ 10 ಮೈಕ್ರೋಮೋಲಾರ್ ಸ್ಪರ್ಮಿಡಿನ್ ಹಾಕು ಅಂದೆ. ನೀವೂ ಹಾಗೇ ಮಾಡಿ. ಶುರುವಿನಲ್ಲಿ, ಆಮೇಲೆ ಮೂರು, ಆರು, ಹನ್ನೆರಡು ಗಂಟೆ ಕಳೆದ ಮೇಲೆ ಎರಡರಿಂದಲೂ ಸ್ಯಾಂಪಲ್ ತೆಗೆಯಿರಿ. ಪ್ರತಿ ಸಲವೂ ಅದೇ 10 ಓಡಿ. ಓಡಿ 1 ದಾಟದಂತೆ ಮಧ್ಯೆ ತೆಳು ಮಾಡುತ್ತಾ ಹೋಗಿ, ಸ್ಪರ್ಮಿಡಿನ್ ಫ್ಲಾಸ್ಕ್‌ಗೆ ಸೇರಿಸುವ ಹೊಸ ಮೀಡಿಯಂನಲ್ಲೂ ಅಷ್ಟೇ ಸ್ಪರ್ಮಿಡಿನ್ ಇರಲಿ. ಹೊಸ ಪುಟ್ರೆಸಿನ್ ತಯಾರಾಗುವುದು ಬೇಗ ಕಮ್ಮಿ ಆಗುತ್ತದೆ, ಆದರೆ ಹಳೆಯದು ಕೋಶ ಒಡೆಯುತ್ತಾ ಪಾಲಾಗಬೇಕು. ಮೂರು ಗಂಟೆಗೆ ಬದಲಾವಣೆ ಕಾಣದಿದ್ದರೆ ಗಾಬರಿ ಬೇಡ.

ಇದರಲ್ಲಿ ಒಂದು ಎಚ್ಚರ. ಸ್ಪರ್ಮಿಡಿನ್ ಕೊಟ್ಟ ಕೂಡಲೇ ತಳಿ ಚುರುಕಾಗಿ ಬೆಳೆಯುತ್ತದೆ, ಪಟ್ಟಿ ತೆಳ್ಳಗಾದದ್ದು ಬರೀ ಪಾಲಾಗಿ ಇರಬಹುದಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಓಡಿಸಿ ಪ್ರೊಟೀನ್ ಅನ್ನೇ ನೋಡಬೇಕು. ವೆಸ್ಟರ್ನ್ ಬ್ಲಾಟ್ (ಬೇಕಾದ ಒಂದು ಪ್ರೊಟೀನ್ ಅನ್ನು ಪ್ರತಿಕಾಯದಿಂದ ಗುರುತಿಸುವ ವಿಧಾನ) ಸೌಲಭ್ಯ ಇದ್ದರೆ ಸ್ಪೀ1ಕ್ಕೆ ಎಚ್‌ಎ ಟ್ಯಾಗ್ ಎಂಬ ಗುರುತಿನ ತುಂಡು ಸೇರಿಸಿದ ತಳಿಗಳನ್ನು ಬಳಸಿ, ಒಂದರಲ್ಲಿ ಓಎಜೆಡ್1 ಇರಲಿ, ಇನ್ನೊಂದರಲ್ಲಿ ಬೇಡ. ಎರಡಕ್ಕೂ ಮೊದಲೇ ಸ್ಪರ್ಮಿಡಿನ್ ಕೊಟ್ಟು, ಆಮೇಲೆ ಹೊಸ ಪ್ರೊಟೀನ್ ತಯಾರಿ ನಿಲ್ಲಿಸಲು ಪ್ರತಿ ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿ, 0, 15, 30, 60 ನಿಮಿಷಕ್ಕೆ ಸ್ಯಾಂಪಲ್ ತೆಗೆಯಿರಿ. ಆಂಟಿಜೈಮ್ ಇದ್ದ ಕಡೆ ಓಡಿಸಿ ಪಟ್ಟಿ ಕರಗುತ್ತಾ ಹೋಗುತ್ತದೆ. ಇಲ್ಲದ ಕಡೆ ಹಾಗೇ ನಿಂತಿರುತ್ತದೆ. ಸೈಕ್ಲೋಹೆಕ್ಸಿಮೈಡ್ ವಿಷ, ಅಳೆಯುವುದನ್ನು ಮಾರ್ಗದರ್ಶಕರೇ ಮಾಡಿಕೊಡಲಿ.

ಟಿಎಲ್‌ಸಿ ಪ್ಲೇಟ್‌ಗಳ ಹೊಳಪು ಬೇಗ ಮಾಸುತ್ತದೆ. ನೋಡಿ ಖುಷಿಪಡುವ ಮೊದಲು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಲೇನ್ ನಂಬರ್ ಪೆನ್ಸಿಲ್‌ನಲ್ಲಿ ಬರೆದು. ನಮ್ಮ ಆ ಹನ್ನೆರಡನೇ ಗಂಟೆಯ ಸ್ಯಾಂಪಲ್‌ನ ಪ್ಲೇಟ್ ಓಡಿಸುವಾಗ ರಾತ್ರಿ ಒಂಬತ್ತಾಗಿತ್ತು. ದೀಪ ಹಾಕಿದಾಗ ಸ್ಪರ್ಮಿಡಿನ್ ಹಾಕದ ಲೇನ್ ಹಾಗೇ ದಪ್ಪಗಿತ್ತು. ಹಾಕಿದ ಲೇನ್‌ನಲ್ಲಿ ಪುಟ್ರೆಸಿನ್ ಇದ್ದ ಜಾಗದಲ್ಲಿ ತೆಳ್ಳನೆಯ ಗೆರೆ ಉಳಿದಿತ್ತು. ಅವಳು ಏನೂ ಮಾತಾಡಲಿಲ್ಲ. ರೆಕಾರ್ಡ್ ಪುಸ್ತಕ ತೆಗೆದು, ಅಡಿಗೆರೆ ಹಾಕಿದ್ದ ಸಾಲಿನ ಪಕ್ಕದಲ್ಲಿ ಅಂದಿನ ತಾರೀಖು ಬರೆದಳು.